ಸಹಾಯ ಬೇಕು: ಹಳ್ಳಿ ಮಕ್ಕಳನ್ನ ಆಟಕ್ಕೆ ಎಳೆಯೋದು ಹೇಗೆ?

ಎಲ್ರಿಗೂ ನಮಸ್ಕಾರ, ಹಳ್ಳಿ ಹುಡುಗ ಹುಡುಗೀರ ಜೊತೆ ಕೆಲಸ ಮಾಡಿರೋರು ಇದ್ರೆ ದಯವಿಟ್ಟು ಹೇಳಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 5ರಿಂದ 17 ವರ್ಷದವ್ರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರೋ ಚಟುವಟಿಕೆ ಬೇಕು. ಹಳ್ಳಿ ಮಕ್ಕಳು ತಾವಾಗೇ ಓಡಾಡ್ಕೊಂಡಿರ್ತಾರೆ ಅಂತ ಎಲ್ರೂ ಅಂದ್ಕೊಂಡಿದ್ದಾರೆ, ಆದ್ರೆ ಸ್ಕೂಲ್ ದೂರ, ಹೋಗಿ ಬರೋದು ಬಸ್ಸಲ್ಲೇ, ಮನೆ ಸೇರೋಷ್ಟ್ರಲ್ಲಿ ಕತ್ತಲು, ಗ್ರೌಂಡಲ್ಲಿ ಲೈಟಿಲ್ಲ, ಆಮೇಲೆ ಕೈಗೆ ಮೊಬೈಲ್ ಬರುತ್ತೆ. ಹೆಣ್ಮಕ್ಕಳಂತೂ ಸ್ವಲ್ಪ ದೊಡ್ಡವ್ರಾದ್ಮೇಲೆ ಆಟಕ್ಕೆ ಬರೋದೇ ನಿಲ್ಲಿಸ್ತಾರೆ, ನನಗೆ ಜಾಸ್ತಿ ಸಂಕಟ ಆಗೋದು ಇದೇ. ಟೂರ್ನಮೆಂಟ್ ಇಟ್ರೆ ಚೆನ್ನಾಗಿ ಆಡೋ ನಾಲ್ಕು ಜನ ಆಡ್ತಾರೆ, ಉಳಿದವ್ರು ನಿಂತು ನೋಡ್ತಾರೆ. ಸೋಲು ಗೆಲುವು ಇಲ್ದೆ, ಹೆಚ್ಚು ಖರ್ಚೂ ಇಲ್ದೆ, ಎಲ್ರೂ ಸೇರೋ ಹಾಗೆ ಏನ್ ಮಾಡ್ಬೋದು? ಅಪ್ಪ ಅಮ್ಮಂದಿರನ್ನ ಹೇಗೆ ಒಪ್ಪಿಸಿದ್ರಿ ಅಂತಾನೂ ತಿಳಿಸಿ.