‘ಬಿಡ್’ಗೆ ‘ಸವಾಲು’ ಒಗ್ಗುತ್ತದೆಯೇ? ಕಟ್ಟಡ ಗುತ್ತಿಗೆಯ ಕೆಲವು ಪದಗಳ ಬಗ್ಗೆ

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ದಾವಣಗೆರೆಯ ಸಿವಿಲ್ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಎಸ್ಟಿಮೇಟ್ ಮತ್ತು ಟೆಂಡರಿನ ಕಾಗದಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ನಾವು ತರಿಸಿದ ಎಸ್ಟಿಮೇಟ್ ತಂತ್ರಾಂಶದಲ್ಲಿ ಕನ್ನಡದ ಆಯ್ಕೆಯೂ ಇದೆ. ಆದರೆ ಎಸ್ಟಿಮೇಟ್ (ಕೆಲಸದ ಖರ್ಚಿನ ಲೆಕ್ಕ), ಕೊಟೇಶನ್ (ಗಿರಾಕಿಗೆ ಕೊಡುವ ದರ), ಬಿಡ್ (ಟೆಂಡರಿನಲ್ಲಿ ನಾವು ಸಲ್ಲಿಸುವ ದರ) ಈ ಮೂರಕ್ಕೂ ಅದು ‘ಅಂದಾಜು’ ಎಂದೇ ಬರೆಯುತ್ತದೆ. ಸರಿಯಾದ ಪದಗಳನ್ನು ಬರೆದು ಕಳಿಸಿದರೆ ತಿದ್ದಿಕೊಳ್ಳುತ್ತೇವೆಂದು ಅದನ್ನು ಮಾಡಿದವರು ಒಪ್ಪಿದ್ದಾರೆ. ಪಟ್ಟಿ ಮಾಡಲು ಕುಳಿತವನು ‘ಬಿಡ್’ಗೆ ಬಂದು ನಿಂತಿದ್ದೇನೆ.

ಇದು ಬರಿಯ ಮಡಿವಂತಿಕೆಯ ಮಾತಲ್ಲ. ಕಳೆದ ತಿಂಗಳು ನಮ್ಮ ಹುಡುಗನೊಬ್ಬ, ಮನೆ ಕಟ್ಟಿಸಲು ಹೊರಟ ಯಜಮಾನರೊಬ್ಬರಿಗೆ ಕೊಡಬೇಕಾದ ಕೊಟೇಶನ್ನಿನ ಬದಲು, ನಮ್ಮ ಒಳಗಿನ ಖರ್ಚಿನ ಹಾಳೆಯನ್ನೇ ವಾಟ್ಸಾಪಿನಲ್ಲಿ ಕಳಿಸಿಬಿಟ್ಟ. ಎರಡು ಹಾಳೆಗಳ ತಲೆಯ ಮೇಲೂ ‘ಅಂದಾಜು’ ಎಂದೇ ಇದ್ದುದರಿಂದ ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಜಮಾನರು ಫೋನ್ ಮಾಡಿ, ‘ಎಲ್ಲಾ ಸರಿ ಐತ್ರಿ, ಕೆಳಗೆ ಲಾಭ ಅಂತ ಒಂದು ಸಾಲು ಐತಲ್ಲ, ಅದೊಂದು ತೆಗೆದುಬಿಡ್ರಿ’ ಎಂದರು.

‘ಅಂದಾಜು’ ಫಾರಸಿಯ ‘ಅಂದಾಜ಼’ದಿಂದ ಬಂದದ್ದು, ಅಲ್ಲಿ ಅದಕ್ಕೆ ಅಳತೆ, ಪ್ರಮಾಣ ಎಂಬ ಅರ್ಥವಿದೆ. ಕನ್ನಡದಲ್ಲಿ ಅದು ಎರಡು ದಾರಿ ಹಿಡಿದಿದೆ. ಕಚೇರಿಯ ಕನ್ನಡದಲ್ಲಿ ‘ಅಂದಾಜು ಮೊತ್ತ’ವೆಂದರೆ ಎಸ್.ಆರ್. ದರದ (ಇಲಾಖೆಯ ದರಸೂಚಿಯ) ಮೇಲೆ, ಒಂದೊಂದು ಐಟಮ್ಮಿಗೂ ಅಳತೆ ಹಿಡಿದು ಕಟ್ಟಿದ ಲೆಕ್ಕ. ವಿಧಾನಮಂಡಲದ ‘ಅಂದಾಜುಗಳ ಸಮಿತಿ’ಯಲ್ಲಿರುವುದೂ ಈ ಗಟ್ಟಿ ಅರ್ಥವೇ. ಮನೆಮಾತಿನಲ್ಲಿ ಮಾತ್ರ ಅದು ‘ಸುಮಾರಾಗಿ’, ‘ಬಾಯಿಗೆ ಬಂದಷ್ಟು’ ಎಂಬಲ್ಲಿಗೆ ಇಳಿದಿದೆ. ಹೀಗಾಗಿ ಗಿರಾಕಿಗೆ ಕೊಡುವ ಹಾಳೆಯ ಮೇಲೆ ಈ ಪದವಿದ್ದರೆ, ಇನ್ನೂ ಚೌಕಾಸಿಗೆ ಜಾಗವಿದೆ ಎಂದೇ ಅವರು ಓದಿಕೊಳ್ಳುತ್ತಾರೆ. ಕೊಟೇಶನ್ನಿಗೆ ‘ದರಪಟ್ಟಿ’ ಆಗಲೇ ಬಳಕೆಯಲ್ಲಿದೆ. ಒಳಗಿನ ಹಾಳೆಗೆ ನಾನು ‘ಅಸಲು ಲೆಕ್ಕ’ ಎಂದು ಬರೆದಿದ್ದೇನೆ. ‘ಈ ರೇಟಿಗೆ ಅಸಲೂ ಗಿಟ್ಟಲ್ಲ’ ಎಂದು ನಮ್ಮ ಮೇಸ್ತ್ರಿಗಳು ದಿನವೂ ಆಡುವ ಮಾತೇ ಅದಕ್ಕೆ ಆಧಾರ.

ಇನ್ನು ‘ಬಿಡ್’. ನಿಘಂಟು ನೋಡಿದ ಗೆಳೆಯರೊಬ್ಬರು ‘ಸವಾಲು’ ಎಂದು ಸೂಚಿಸಿದರು. ಸವಾಲು ಹರಾಜಿನ ಪದ, ಅಲ್ಲಿ ಹೆಚ್ಚು ಕೂಗಿದವನಿಗೆ ಮಾಲು, ನಮ್ಮಲ್ಲಿ ಕಡಿಮೆ ಹಾಕಿದವನಿಗೆ ಕೆಲಸ. ಆದ್ದರಿಂದ ಹೊಂದುವುದಿಲ್ಲ ಎಂದು ಮೊದಲು ಅಂದುಕೊಂಡೆ. ಆಮೇಲೆ ನಮ್ಮೂರಿನ ಎಪಿಎಂಸಿ ನೆನಪಾಯಿತು. ಮೆಕ್ಕೆಜೋಳದ ರಾಶಿಗೆ ಖರೀದಿದಾರರು ಒಬ್ಬರಿಗೊಬ್ಬರು ತಿಳಿಯದಂತೆ ದರ ನಮೂದಿಸುತ್ತಾರೆ, ಹೆಚ್ಚು ನಮೂದಿಸಿದವರಿಗೆ ರಾಶಿ ಆಗುತ್ತದೆ, ಅದನ್ನೂ ‘ಟೆಂಡರ್’ ಎಂದೇ ಕರೆಯುತ್ತಾರೆ. ಅಂದಮೇಲೆ ವ್ಯತ್ಯಾಸ ಇರುವುದು ದರ ಏರುತ್ತದೆಯೋ ಇಳಿಯುತ್ತದೆಯೋ ಎಂಬುದರಲ್ಲಿ ಅಲ್ಲ. ಎಲ್ಲರ ಕಿವಿಗೆ ಬೀಳುವಂತೆ ಕೂಗಿದರೆ ಸವಾಲು, ಮುಚ್ಚಿ ಕೊಟ್ಟರೆ ಟೆಂಡರ್. ನಮ್ಮ ಕೆಲಸ ಎರಡನೆಯದು.

ಟೆಂಡರ್ ಎಂದೇ ಇಟ್ಟುಕೊಳ್ಳೋಣವೆಂದರೆ ಇನ್ನೊಂದು ತೊಡಕು. ಇಲಾಖೆ ಹೊರಡಿಸುವುದೂ ಟೆಂಡರ್, ನಾವು ಸಲ್ಲಿಸುವುದೂ ಟೆಂಡರ್. ಸರ್ಕಾರಿ ಖರೀದಿಯ ಬಗೆಗಿನ ರಾಜ್ಯದ 1999ರ ಪಾರದರ್ಶಕತೆ ಅಧಿನಿಯಮವೂ ಟೆಂಡರ್ ಆಹ್ವಾನಿಸುವ ಪ್ರಾಧಿಕಾರ, ಟೆಂಡರ್ ಅಂಗೀಕರಿಸುವ ಪ್ರಾಧಿಕಾರ ಎಂದು ಎರಡು ಬದಿಗೂ ಒಂದೇ ನಾಮಪದವನ್ನು ಬಳಸುತ್ತದೆ. ಆದರೂ ಆಡುವವರಿಗೆ ಗೊಂದಲವಾಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಅರ್ಥವನ್ನು ಹೊರುವುದು ಕ್ರಿಯಾಪದ. ಇಲಾಖೆ ಟೆಂಡರ್ ‘ಕರೆಯುತ್ತದೆ’, ನಾವು ‘ಹಾಕುತ್ತೇವೆ’, ಗೆದ್ದವರಿಗೆ ‘ಆಗುತ್ತದೆ’. ಎಸ್ಟಿಮೇಟ್ ‘ಮಾಡುವುದು’, ಕೊಟೇಶನ್ ‘ಕೊಡುವುದು’. ತಂತ್ರಾಂಶದ ಗುಂಡಿಯ ಮೇಲೆ ಬರಿಯ ನಾಮಪದ ಬರೆದದ್ದೇ ತಪ್ಪಿನ ಬುಡವೆಂದು ನನಗನ್ನಿಸುತ್ತದೆ. ‘ಟೆಂಡರ್ ಹಾಕಿ’ ಎಂದು ಗುಂಡಿಯ ಮೇಲೂ, ‘ನಾವು ಹಾಕಿದ ದರ’ ಎಂದು ಮೊತ್ತದ ಪಕ್ಕದಲ್ಲೂ ಬರೆದರೆ ಬಿಡ್ ಎಂಬುದಕ್ಕೆ ಬೇರೆ ನಾಮಪದವೇ ಬೇಕಾಗದು. ‘ಶೇಕಡಾ 12 ಲೆಸ್ ಹಾಕಿದ’ ಎಂಬುದನ್ನು ‘ಅಂದಾಜು ಮೊತ್ತಕ್ಕಿಂತ ಶೇ 12 ಕಡಿಮೆ’ ಎಂದು ಬಿಡಿಸಿ ಬರೆದಿದ್ದೇನೆ. ಇಲ್ಲಿ ‘ಅಂದಾಜು’ ತನ್ನ ಸರಿಯಾದ ಜಾಗದಲ್ಲಿ ಕುಳಿತಿದೆ.

ಉಳಿದವು ಸುಲಭ. ಜಲ್ಲಿ, ಮರಳು ಸಾಗಿಸುವ ದೂರವಾದ ‘ಲೀಡ್’ಗೆ ತಂತ್ರಾಂಶ ‘ಸೀಸ’ ಎಂದು ಬರೆದಿತ್ತು. ‘ಸಾಗಣೆ ದೂರ’ ಎಂದು ತಿದ್ದಿದ್ದೇನೆ. ನಕ್ಷೆ ನೋಡಿ ಇಟ್ಟಿಗೆ, ಕಬ್ಬಿಣ, ಕಾಂಕ್ರೀಟಿನ ಲೆಕ್ಕ ಹಿಡಿಯುವ ‘ಟೇಕಾಫ್’ ಅಲ್ಲಿ ‘ಹಾರಾಟ’ವಾಗಿತ್ತು. ನಮ್ಮ ಎಂಜಿನಿಯರುಗಳು ‘ಕ್ವಾಂಟಿಟಿ ತೆಗೆಯುವುದು’ ಎನ್ನುತ್ತಾರೆ, ‘ಪ್ರಮಾಣ ತೆಗೆಯಿರಿ’ ಎಂದರೆ ಸಾಕು.

ಬಗೆಹರಿಯದೆ ಉಳಿದದ್ದು ಒಂದು. ಆನ್‌ಲೈನಿನಲ್ಲಿ ಎಲ್ಲರಿಗೂ ಕಾಣುವಂತೆ ದರವನ್ನು ಇಳಿಸುತ್ತಾ ಹೋಗುವ ‘ರಿವರ್ಸ್ ಆಕ್ಷನ್’ ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲಿದೆ, ಈ ತಂತ್ರಾಂಶದಲ್ಲೂ ಅದಕ್ಕೊಂದು ಪುಟವಿದೆ. ‘ಹಿಮ್ಮುಖ ಹರಾಜು’ ಎಂಬುದು ಪತ್ರಿಕೆಯ ತರ್ಜುಮೆಯಂತೆ ಕೇಳಿಸುತ್ತದೆ. ಚೀಟಿ ವ್ಯವಹಾರದಲ್ಲಿ ಹೆಚ್ಚು ಬಿಟ್ಟುಕೊಟ್ಟವನಿಗೆ ಚೀಟಿ ಆಗುತ್ತದೆ, ಅಂದರೆ ಕೈಗೆ ಬರುವ ಹಣ ಇಳಿಯುತ್ತಲೇ ಹೋಗುತ್ತದೆ. ಆದರೂ ಅದನ್ನು ‘ಚೀಟಿ ಕೂಗುವುದು’ ಎಂದೇ ಹೇಳುತ್ತೇವೆ. ಆ ಜಾಡಿನಲ್ಲಿ ‘ಇಳಿಗೂಗು’ ಎಂದು ಕಟ್ಟಬಹುದೇ, ಅಥವಾ ‘ಇಳಿ ಸವಾಲು’ ವಾಸಿಯೇ? ಚಿತ್ರದುರ್ಗ, ಹರಿಹರದ ಕಡೆಯ ಚೀಟಿಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.