ಟ್ರೇಲರ್ ಮೇಲೆ ಒಯ್ಯುವ ಯಂತ್ರಚಾಲಿತ ಕ್ಯಾಟಮರಾನ್: ಅಗಲವನ್ನು 2.5 ಮೀಟರಿಗೆ ನಿಲ್ಲಿಸಬೇಕೇ?

ಪ್ರಶ್ನೆ: ವಿರಾಜಪೇಟೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮತ್ತು ಮೆಣಸಿನ ಕೆಲಸ ಮುಗಿದು ಮಕ್ಕಳಿಗೆ ರಜೆ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಕೆಲವು ದಿನ ನೀರಿನ ಮೇಲೆಯೇ ಉಳಿದು ಸುತ್ತಾಡುವಂಥ ಒಂದು ಯಂತ್ರಚಾಲಿತ ಕ್ಯಾಟಮರಾನ್, ಅಂದರೆ ಅಕ್ಕಪಕ್ಕ ಎರಡು ಒಡಲುಗಳಿರುವ ದೋಣಿ, ಕಟ್ಟಿಕೊಳ್ಳುವ ಯೋಚನೆ ನನಗಿದೆ. ದೋಣಿ ವರ್ಷದ ಹೆಚ್ಚಿನ ಕಾಲ ತೋಟದ ಮನೆಯ ಶೆಡ್ಡಿನಲ್ಲಿರುತ್ತದೆ. ರಜೆ ಬಂದಾಗ ಡೀಸೆಲ್ ಎಸ್‌ಯುವಿಗೆ ಕಟ್ಟಿ, ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ, ತಳಿಪರಂಬದ ಮೇಲೆ ಪಯ್ಯನ್ನೂರಿಗೆ ಹೋಗಿ ಕವ್ವಾಯಿ ಹಿನ್ನೀರಿಗೆ ಇಳಿಸಬೇಕೆಂಬುದು ಉದ್ದೇಶ. ಕೈ ಪಳಗಿದ ಮೇಲೆ ಕೇರಳದ ವೇಂಬನಾಡು ಸರೋವರಕ್ಕೂ ಹೋಗಬಹುದು.

ನಾನು ಹಾಕಿರುವ ನಕ್ಷೆಯಲ್ಲಿ ಉದ್ದ 7 ಮೀಟರ್, ಅಗಲ 2.5 ಮೀಟರ್, ಪ್ಲೈವುಡ್ ಮತ್ತು ಎಪಾಕ್ಸಿ ಅಂಟಿನ ಕಟ್ಟಡ, ನಡುವೆ ನೆಟ್ಟಗೆ ನಿಲ್ಲಬಹುದಾದ ಕ್ಯಾಬಿನ್, ಗ್ಯಾಸ್ ಒಲೆ, ಫ್ರಿಜ್ ಮತ್ತು ಶೌಚಾಲಯ. ಅಗಲ ಇಷ್ಟೇ ಸಾಕೇ, ಅಥವಾ ಬಿಚ್ಚಿ ಜೋಡಿಸುವ ವಿನ್ಯಾಸದಲ್ಲಿ ಮೂರು ಮೀಟರ್ ದಾಟಿಸಬೇಕೇ? ನಡುವೆ 60 ಎಚ್‌ಪಿಯ ಒಂದೇ ಎಂಜಿನ್ ಒಳ್ಳೆಯದೇ, ಅಥವಾ ಎರಡು ಚಿಕ್ಕವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕುಶಾಲನಗರದಿಂದ, ಹಡಗುಕಟ್ಟೆಯ ನಿವೃತ್ತ ನೌಕರ

ಮಾನ್ಯರೇ, ನಿಮ್ಮ ನಕ್ಷೆಯಲ್ಲಿ ಕ್ಯಾಬಿನ್ ಮೊದಲು ಬಂದಿದೆ, ತೂಕ ಎಲ್ಲಿಯೂ ಬಂದಿಲ್ಲ. ಕ್ಯಾಟಮರಾನಿನಲ್ಲಿ ಈ ಕ್ರಮ ತಲೆಕೆಳಗಾಗಬೇಕು.

ರಸ್ತೆಯ ಲೆಕ್ಕದಿಂದಲೇ ಹೊರಡೋಣ. ವಾಹನದ ಅಗಲಕ್ಕೆ ನಿಯಮದ ಮಿತಿ 2.6 ಮೀಟರ್ ಇರುವುದರಿಂದ, ರಬ್ಬರ್ ಪಟ್ಟಿ, ಕೊಂಡಿ ಮುಂತಾದ ಹೊರಚಾಚುಗಳಿಗೆ ಸ್ವಲ್ಪ ಬಿಟ್ಟು 2.5 ಮೀಟರ್ ಹಿಡಿದಿರುವುದು ಸರಿಯಾಗಿದೆ. ಇದರೊಳಗೆ ಎರಡು ಹಲ್‌ಗಳೂ (ನೀರಿನಲ್ಲಿ ತೇಲುವ ಒಡಲುಗಳು) ಅವುಗಳ ನಡುವಿನ ಸುರಂಗವೂ ಕೂರಬೇಕು. ಸುರಂಗವನ್ನು ತೀರ ಕಿರಿದು ಮಾಡಿದರೆ ಎರಡು ಹಲ್‌ಗಳು ಎಬ್ಬಿಸುವ ಅಲೆಗಳು ಅಲ್ಲಿ ಒಂದರ ಮೇಲೊಂದು ಬಿದ್ದು ನೀರು ಏರುತ್ತದೆ. ಆದ್ದರಿಂದ ಸುಮಾರು 1.2 ಮೀಟರ್ ಅದಕ್ಕೆ ಬಿಡಿ. ಉಳಿದದ್ದರಲ್ಲಿ ಪ್ರತಿ ಹಲ್‌ಗೆ ನೀರಿನ ಮಟ್ಟದಲ್ಲಿ 60 ಸೆಂ.ಮೀ. ಅಗಲ ಸಿಗುತ್ತದೆ. ಏಳು ಮೀಟರ್ ಉದ್ದಕ್ಕೆ ಇದು ಹನ್ನೊಂದು ಅಥವಾ ಹನ್ನೆರಡಕ್ಕೆ ಒಂದರ ಪ್ರಮಾಣ. ಇಷ್ಟು ತೆಳ್ಳಗಿನ ಹಲ್ ಇದ್ದರೆ, ಇದೇ ಉದ್ದದ ಸಾಧಾರಣ ದೋಣಿ ತನ್ನದೇ ಅಲೆಯ ಬೆನ್ನೇರಲು ಹೆಣಗುವ ಆರೂವರೆ ನಾಟ್ (ಗಂಟೆಗೆ ಸುಮಾರು 12 ಕಿ.ಮೀ.) ವೇಗವನ್ನು ನೀವು ಗೊತ್ತೇ ಆಗದಂತೆ ದಾಟಿಬಿಡುತ್ತೀರಿ. ಸಣ್ಣ ಎಂಜಿನ್ ಸಾಕಾಗುವುದು ಈ ಕಾರಣದಿಂದಲೇ.

ಆದರೆ ಈ ತೆಳುವಿಗೆ ಬೆಲೆ ತೆರಬೇಕಾಗುತ್ತದೆ. ಎರಡೂ ಹಲ್ ಸೇರಿ ನೀರನ್ನು ಕತ್ತರಿಸುವ ವಿಸ್ತೀರ್ಣ ಸುಮಾರು 6.3 ಚದರ ಮೀಟರ್. ಅಂದರೆ 63 ಕಿಲೋ ಏರಿದರೆ ದೋಣಿ ಒಂದು ಸೆಂಟಿಮೀಟರ್ ಕುಸಿಯುತ್ತದೆ. ಇದೇ ಉದ್ದದ ಒಂಟಿ ಹಲ್‌ನ ದೋಣಿಯಲ್ಲಿ ಅದೇ ಒಂದು ಸೆಂಟಿಮೀಟರಿಗೆ ಇದರ ಹತ್ತಿರ ಹತ್ತಿರ ಎರಡರಷ್ಟು ತೂಕ ಬೇಕು. ಈಗ ಲೆಕ್ಕ ಹಾಕಿ: ಖಾಲಿ ದೋಣಿ, ಚೆನ್ನಾಗಿ ಕಟ್ಟಿದರೆ, 550 ಕಿಲೋ, ಎರಡು 20 ಎಚ್‌ಪಿ ಎಂಜಿನ್‌ಗಳು 100, ನೂರು ಲೀಟರ್ ಪೆಟ್ರೋಲ್ 75, ಕುಡಿಯುವ ನೀರು 80, ಬ್ಯಾಟರಿಗಳು 40, ಲಂಗರು ಮತ್ತು ಸರಪಳಿ 30, ನಾಲ್ವರು 250, ಹಾಸಿಗೆ, ದಿನಸಿ, ಪಾತ್ರೆ 100. ಒಟ್ಟು 1,225 ಕಿಲೋ. ಮುಳುಗುವ ಆಳ 30 ಸೆಂ.ಮೀ. ಎಂದು ಹಿಡಿದರೆ ಈ ಎರಡು ಹಲ್‌ಗಳು ಹೊರಬಲ್ಲದ್ದು ಸುಮಾರು 1,260 ಕಿಲೋ ಮಾತ್ರ. ನಿಮ್ಮ ಫ್ರಿಜ್, ಗ್ಯಾಸ್ ಸಿಲಿಂಡರ್, ಶೌಚಾಲಯದ ತೊಟ್ಟಿ ಯಾವುದೂ ನನ್ನ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ.

ಹೆಚ್ಚು ತೂಕದಿಂದ ಹೋಗುವುದು ವೇಗವಷ್ಟೇ ಅಲ್ಲ. ಸುರಂಗದ ಚಾವಣಿ, ಅಂದರೆ ಕ್ಯಾಬಿನಿನ ತಳ, ತುಂಬಿದ ದೋಣಿಯಲ್ಲಿ ನೀರಿನಿಂದ ಕನಿಷ್ಠ 45 ಸೆಂ.ಮೀ. ಮೇಲಿರಬೇಕು. ಅದು ತಗ್ಗಿದರೆ ಎದುರಲೆ ತಳಕ್ಕೆ ಬಡಿಯುವ ಸದ್ದು ಮತ್ತು ಅದುರು ಮಕ್ಕಳನ್ನು ಹೆದರಿಸುತ್ತದೆ, ಪ್ಲೈವುಡ್ಡಿನ ಸಂದುಗಳನ್ನು ಸಡಿಲಿಸುತ್ತದೆ. ಮಧ್ಯಾಹ್ನದ ಗಾಳಿಗೆ ವೇಂಬನಾಡಿನ ತೆರೆದ ಭಾಗದಲ್ಲಿ ಏಳುವ ಗಿಡ್ಡ, ಕಡಿದಾದ ಅಲೆಗೆ ಅಷ್ಟೇ ಸಾಕು.

ಇನ್ನು ನೆಟ್ಟಗೆ ನಿಲ್ಲುವ ಕ್ಯಾಬಿನ್. ಆ 45 ಸೆಂ.ಮೀ. ಮೇಲೆ ನೆಲ, 1.85 ಮೀಟರ್ ಒಳ ಎತ್ತರ, ಚಾವಣಿ ಸೇರಿದರೆ ನೀರಿನಿಂದ 2.4 ಮೀಟರ್ ಗೋಡೆ ನಿಲ್ಲುತ್ತದೆ. ಟ್ರೇಲರಿನ ಮೇಲೆ ರಸ್ತೆಯಿಂದ 3.2 ಮೀಟರ್. ಜೆಟ್ಟಿಗೆ ಕಟ್ಟುವಾಗ ಗಾಳಿ ನಿಮ್ಮ ಕೈಯಿಂದ ದೋಣಿಯನ್ನು ಕಸಿಯುತ್ತದೆ, ತೋಟದ ದಾರಿಯಲ್ಲಿ ಕೊಂಬೆಗಳು ಚಾವಣಿಯನ್ನು ಗೀರುತ್ತವೆ. ನನ್ನ ಸಲಹೆಯೆಂದರೆ, ನಡುವಿನ ಕ್ಯಾಬಿನನ್ನು ಕುಳಿತುಕೊಳ್ಳುವ ಎತ್ತರಕ್ಕೆ, 1.3 ಮೀಟರಿಗೆ, ನಿಲ್ಲಿಸಿ. ಲಂಗರು ಹಾಕಿದಾಗ ಎತ್ತಿ ನಿಲ್ಲಿಸುವ, ಕ್ಯಾನ್ವಾಸ್ ಪಕ್ಕಗಳ ಚಾವಣಿ ಇಡಿ. ಒಲೆ ಒಂದು ಹಲ್‌ನಲ್ಲಿ, ಶೌಚಾಲಯ ಇನ್ನೊಂದರಲ್ಲಿ ಇರಲಿ. ಅಲ್ಲಿ ನೆಲ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ನಿಲ್ಲುವ ಎತ್ತರ ಸುಲಭವಾಗಿ ಸಿಗುತ್ತದೆ. ನೀರಿನಿಂದ 25 ಸೆಂ.ಮೀ. ಮೇಲೆ ಹಲ್‌ನ ಒಳಗೋಡೆಯನ್ನು ಮೆಟ್ಟಿಲಿನಂತೆ ಸುರಂಗದ ಕಡೆಗೆ ಚಾಚಿದರೆ ಭುಜಕ್ಕೂ ಜಾಗವಾಗುತ್ತದೆ.

ಬಿಚ್ಚಿ ಜೋಡಿಸುವ ವಿನ್ಯಾಸಗಳು ಕೆಟ್ಟವಲ್ಲ. ರಿಚರ್ಡ್ ವುಡ್ಸ್ ಅವರ ಸ್ಕೂಟಾ 28 ಅಂಥದೇ. ಆದರೆ ತೊಲೆ, ಬೋಲ್ಟು, ಸಂದುಗಳ ತೂಕ ನಿಮ್ಮ ಏಳು ಮೀಟರಿನ ದೋಣಿಗೆ ಭಾರವಾಗುತ್ತದೆ, ಮೇ ತಿಂಗಳ ಬಿಸಿಲಿನಲ್ಲಿ ದಡದ ಮೇಲೆ ನಿಂತು ಅದನ್ನು ಜೋಡಿಸುವ ಉತ್ಸಾಹ ಮೊದಲ ವರ್ಷಕ್ಕೇ ಮುಗಿಯುತ್ತದೆ. ಕವ್ವಾಯಿಗೆ 2.5 ಮೀಟರ್ ಸಾಕು.

ಎಂಜಿನ್ ಎರಡೇ ಇರಲಿ, ಪ್ರತಿ ಹಲ್‌ನ ಹಿಂತುದಿಗೆ ಒಂದು. ನಡುವಿನ ಒಂಟಿ ಎಂಜಿನ್ ಸುರಂಗದ ನೊರೆನೀರಿನಲ್ಲಿ ಗಾಳಿ ಎಳೆದುಕೊಂಡು ಸುಮ್ಮನೆ ಗಿರಕಿ ಹೊಡೆಯುತ್ತದೆ. ಅದನ್ನು ತಪ್ಪಿಸಲು ಉಪಾಯಗಳಿವೆ, ಆದರೆ ಎರಡು ಎಂಜಿನ್‌ಗಳಿದ್ದರೆ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಹಾಕಿ ದೋಣಿಯನ್ನು ನಿಂತಲ್ಲೇ ತಿರುಗಿಸುವ ಅನುಕೂಲವೂ ಇದೆ. ಎಂಜಿನ್ ಭಾರವೆಲ್ಲ ಹಿಂದೆ ಸೇರುವುದರಿಂದ ಇಂಧನ ಮತ್ತು ನೀರಿನ ತೊಟ್ಟಿಗಳನ್ನು ನಡುವಿಗೆ ತನ್ನಿ. ಎಂಟು ನಾಟ್, ಅಂದರೆ ಗಂಟೆಗೆ 15 ಕಿ.ಮೀ., ಆರಾಮದ ನಡಿಗೆ. ಹನ್ನೆರಡರ ಆಸೆ ಇದ್ದರೆ ತೂಕದ ಪಟ್ಟಿಯನ್ನು ಇನ್ನೊಮ್ಮೆ ನೋಡಿ.

ಉತ್ತರ: ಸಂಪಾಜೆಯಿಂದ, ಸರಕು ಸಾಗಣೆಯವರು

ಮೇಲಿನ ಹಿರಿಯರು ನೀರಿನ ಮಾತು ಹೇಳಿದ್ದಾರೆ, ನಾನು ಘಾಟಿಯದನ್ನು ಹೇಳುತ್ತೇನೆ. ಅವರ ಲೆಕ್ಕದಂತೆ ಜನ, ನೀರು, ದಿನಸಿ ಬಿಟ್ಟು ದೋಣಿ 800 ಕಿಲೋ, ಟ್ರೇಲರ್ 350ರಿಂದ 400 ಎಂದರೂ 1,200 ಕಿಲೋ ನಿಮ್ಮ ಬೆನ್ನ ಹಿಂದೆ ಇರುತ್ತದೆ. ನಿಮ್ಮ ಗಾಡಿಯ ಎಳೆಯುವ ಸಾಮರ್ಥ್ಯವನ್ನು ತಯಾರಕರ ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಿರಿ. ಬ್ರೇಕ್ ಇಲ್ಲದ ಟ್ರೇಲರನ್ನು ಮಾಕುಟ್ಟದಲ್ಲಾಗಲಿ ಸಂಪಾಜೆಯಲ್ಲಾಗಲಿ ಇಳಿಸುವ ಯೋಚನೆಯನ್ನೇ ಮಾಡಬಾರದು. ಮಡಿಕೇರಿಯಿಂದ ಸಂಪಾಜೆಗೆ ಬರುವಷ್ಟರಲ್ಲಿ ಸುಮಾರು ಸಾವಿರ ಮೀಟರ್ ಇಳಿಯುತ್ತೀರಿ. ಹಿಂದಿನಿಂದ ತಳ್ಳಿದಾಗ ತಾನೇ ಹಿಡಿಯುವ ಬಗೆಯ ಟ್ರೇಲರ್ ಬ್ರೇಕು ಇಳಿಜಾರಿನಲ್ಲಿ ಬಿಡುವಿಲ್ಲದೆ ಉಜ್ಜುತ್ತಲೇ ಇರುತ್ತದೆ. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಬಂದು, ನಡುನಡುವೆ ಅಗಲದ ಜಾಗದಲ್ಲಿ ನಿಂತು ಚಕ್ರದ ಗುಂಬವನ್ನು ಆರಲು ಬಿಡಬೇಕು.

ಒಟ್ಟು ತೂಕದ ಏಳರಿಂದ ಹತ್ತು ಶೇಕಡಾ ಕೊಂಡಿಯ ಮೇಲೆ ಕೂರುವಂತೆ ಅಚ್ಚನ್ನು ಇಡಿಸಿ. ಎಂಜಿನ್‌ಗಳೆರಡೂ ದೋಣಿಯ ಹಿಂತುದಿಯಲ್ಲಿರುವುದರಿಂದ ಇದನ್ನು ಮರೆತರೆ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಟ್ರೇಲರ್ ಕೂಡ ಕಾನೂನಿನ ಕಣ್ಣಿನಲ್ಲಿ ಒಂದು ವಾಹನವೇ. ಅದಕ್ಕೆ ಆರ್‌ಟಿಒ ನೋಂದಣಿ ಬೇಕು.

ಉತ್ತರ: ಗೋಣಿಕೊಪ್ಪಲಿನ ಮರಗೆಲಸದವರು

ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಮಾತ್ರ ಬಳಸಿ. ತೋಟದಲ್ಲಿ ಸಿಲ್ವರ್ ಓಕ್ ಧಾರಾಳವಾಗಿದೆ ಎಂದು ಅದನ್ನು ಹಲ್‌ನ ಒಳಪಟ್ಟಿಗಳಿಗೆ ಹಾಕುವ ಆಸೆ ಬೇಡ. ತೇವಕ್ಕೆ ಅದು ಬೇಗ ಕೊಳೆಯುತ್ತದೆ. ನಿಜವಾದ ತೊಡಕು ಕಾಲದ್ದು: ಎಪಾಕ್ಸಿಗೆ ಒಣ ಹವೆ ಬೇಕು, ನಮ್ಮಲ್ಲಿ ಒಣ ಹವೆಯ ತಿಂಗಳುಗಳಲ್ಲಿ ಕಣದ ತುಂಬ ಕಾಫಿ, ಆಳುಗಳಿಗೆಲ್ಲ ಕೊಯ್ಲು. ಮಳೆಗಾಲದಲ್ಲಿ ಹಚ್ಚಿದರೆ ಮೇಲೆ ಮೇಣದಂಥ ಜಿಡ್ಡು ಕಟ್ಟುತ್ತದೆ. ಅದನ್ನು ನೀರಿನಿಂದ ತೊಳೆದು, ಒಣಗಿಸಿ, ಉಜ್ಜದೆ ಮುಂದಿನ ಪದರ ಹಾಕಿದರೆ ಅದು ಕಚ್ಚುವುದಿಲ್ಲ. ಮಳೆಗಾಲದಲ್ಲಿ ಒಳಗಿನ ಅಡ್ಡಗೋಡೆ, ಚೌಕಟ್ಟುಗಳನ್ನು ಕತ್ತರಿಸಿ ಸಿದ್ಧವಿಟ್ಟುಕೊಂಡು, ಹಲ್‌ಗಳ ಹೊರಮೈ ಕೆಲಸವನ್ನು ಡಿಸೆಂಬರಿನ ನಂತರ ಶೆಡ್ಡಿನೊಳಗೆ ಮಾಡುವುದು ಒಳ್ಳೆಯದು.

ಮರುಪ್ರಶ್ನೆ: ವಿರಾಜಪೇಟೆಯ ಬೆಳೆಗಾರ

ಎಲ್ಲರಿಗೂ ಕೃತಜ್ಞತೆಗಳು. ಫ್ರಿಜ್ ಬಿಟ್ಟು ಐಸ್ ಪೆಟ್ಟಿಗೆ ಇಡುತ್ತೇನೆ, ಎತ್ತುವ ಚಾವಣಿಗೂ ಒಪ್ಪಿಗೆ ಇದೆ. ಆದರೆ ಅವ್ವ ಕೂಡ ಬರುತ್ತೇನೆ ಎನ್ನುತ್ತಿದ್ದಾರೆ, ಅಂದರೆ ಐವರು. ಹಲ್‌ಗಳ ಅಗಲವನ್ನು 70 ಸೆಂ.ಮೀ. ಮಾಡಿಬಿಡಲೇ?

ಉತ್ತರ: ಕುಶಾಲನಗರದಿಂದ, ಹಡಗುಕಟ್ಟೆಯ ನಿವೃತ್ತ ನೌಕರ

ಅಗಲಿಸಬೇಡಿ, ಉದ್ದ ಮಾಡಿ. ಅಗಲಿಸಿದರೆ ಸುರಂಗ ಒಂದು ಮೀಟರಿಗೆ ಕುಗ್ಗಿ ಎರಡೂ ಕಡೆಯಿಂದ ಕಳೆದುಕೊಳ್ಳುತ್ತೀರಿ. ಅದೇ ಅಗಲದಲ್ಲಿ 7.8 ಮೀಟರ್ ಉದ್ದ ಮಾಡಿದರೆ ಹೊರುವ ಶಕ್ತಿ ಸುಮಾರು 140 ಕಿಲೋ ಹೆಚ್ಚುತ್ತದೆ. ಹಲ್‌ಗಳ ಹೆಚ್ಚುವರಿ ತೂಕ ಕಳೆದರೂ ಅವ್ವನವರಿಗೂ ಅವರ ಪೆಟ್ಟಿಗೆಗೂ ಜಾಗವಾಗುತ್ತದೆ. ಕ್ಯಾಬಿನಿನ ಉದ್ದವನ್ನು ಮಾತ್ರ ಹೆಚ್ಚಿಸಬೇಡಿ.

ಇನ್ನೆರಡು ವಿಷಯ. ಯಂತ್ರಚಾಲಿತ ಒಳನಾಡು ನೌಕೆಗಳ ನೋಂದಣಿ ಮತ್ತು ಸರ್ವೆಗೆ 1917ರ ಹಳೆಯ ಕಾಯ್ದೆಯ ಬದಲು ಈಗ 2021ರ ಒಳನಾಡು ನೌಕೆಗಳ ಕಾಯ್ದೆ ಇದೆ. ಪ್ಲೈವುಡ್ ಕತ್ತರಿಸುವ ಮೊದಲೇ ನಕ್ಷೆಯನ್ನು ಸರ್ವೆಯರಿಗೆ ತೋರಿಸಿದರೆ ತೇಲುವ ಫೋಮು, ಬೆಂಕಿ ಆರಿಸುವ ಸಾಧನಗಳ ವಿಚಾರದಲ್ಲಿ ಕಟ್ಟಿದ್ದನ್ನು ಒಡೆಯುವ ಪ್ರಸಂಗ ಬರುವುದಿಲ್ಲ. ಎರಡನೆಯದು, ಕವ್ವಾಯಿಯಲ್ಲಿ ನೀವು ಹೋಗುವ ತಿಂಗಳುಗಳಲ್ಲೇ ಕಲ್ಲುಮ್ಮಕಾಯಿ (ತಿನ್ನುವ ಚಿಪ್ಪುಜೀವಿ) ಸಾಕಣೆಯ ಬಿದಿರಿನ ಚಪ್ಪರಗಳು ನೀರಿನಲ್ಲಿರುತ್ತವೆ, ಅವುಗಳಿಂದ ಹಗ್ಗಗಳು ಇಳಿಬಿದ್ದಿರುತ್ತವೆ. ಅದು ಅಲ್ಲಿಯವರ ವರ್ಷದ ಬೆಳೆ. ಚಪ್ಪರದ ಹತ್ತಿರ ಒಂದು ಎಂಜಿನ್ ಎತ್ತಿಟ್ಟು, ಇನ್ನೊಂದರಲ್ಲಿ ನಿಧಾನವಾಗಿ, ಸಾಕಷ್ಟು ದೂರದಿಂದ ದಾಟಿ.