ಪ್ರಶ್ನೋತ್ತರ: ಪೇಂಟ್ ಬೂತ್‌ಗೆ ಪ್ಲಾಸ್ಮಾ ಬಾಕ್ಸ್ ಸಾಕಾ?

(ಹಾಸನ–ಚಿಕ್ಕಮಗಳೂರು ಸಣ್ಣ ಕೈಗಾರಿಕೆ ಗುಂಪು. ಉತ್ತರ ಕೊಡುವವರು ಕೆಮಿಕಲ್ ಎಂಜಿನಿಯರ್.)

ಪೇಂಟ್ ಬೂತ್, ಹಾಸನ: ನಮಸ್ತೆ ಸರ್. ಬೂತ್‌ನ ಗಾಳಿಯ ವಾಸನೆಯನ್ನು ಹೈ ವೋಲ್ಟೇಜ್‌ನಿಂದ ಒಡೆಯುವ ಪ್ಲಾಸ್ಮಾ ಬಾಕ್ಸ್ ಹಾಕಿಸಿದ ಮೇಲೆ ಥಿನ್ನರ್ ವಾಸನೆ ಕಮ್ಮಿಯಾಗಿದೆ. ಆದರೆ ಈಗ ಝೆರಾಕ್ಸ್ ಅಂಗಡಿ ವಾಸನೆ ಬರುತ್ತಿದೆ. ಹುಡುಗರಿಗೆ ಗಂಟಲು ಕೆರೆತ. ಬಾಕ್ಸ್ ಒಳಗೆ ಆಗಾಗ ಚಟಪಟ ಸದ್ದು.

ಎಂಜಿನಿಯರ್: ಮೊದಲು ಬಾಕ್ಸ್ ಆಫ್ ಮಾಡಿ, ಆಮೇಲೆ ಓದಿ. ಆ ವಾಸನೆ ಓಝೋನ್‌ನದು. ಹೈ ವೋಲ್ಟೇಜ್ ಕೊಟ್ಟಾಗ ಗಾಳಿಯಲ್ಲಿರುವ ಆಮ್ಲಜನಕ ಒಡೆದು ಥಿನ್ನರ್‌ನಲ್ಲಿರುವ ಟಾಲೀನ್, ಕ್ಸೈಲೀನ್‌ಗಳನ್ನು ಕಡಿಯುತ್ತೆ, ಓಝೋನೂ ಆಗುತ್ತೆ. ಪ್ಲಾಸ್ಮಾ ಒಂದೇ ಇದ್ದರೆ ಕೆಲಸ ಅರ್ಧಂಬರ್ಧ. ಫಾರ್ಮಾಲ್ಡಿಹೈಡ್‌ನಂಥದ್ದು, ಕಾರ್ಬನ್ ಮಾನಾಕ್ಸೈಡ್, ಓಝೋನ್ ಉಳಿಯುತ್ತವೆ. ಅದಕ್ಕೇ ಬಾಕ್ಸ್‌ನ ಹಿಂದೆ ಮ್ಯಾಂಗನೀಸ್ ಆಕ್ಸೈಡ್ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆ ಚುರುಕು ಮಾಡೋದು) ಕೂರಿಸೋದು. ಅದು ಓಝೋನನ್ನು ಒಡೆದು, ಅದರ ಆಮ್ಲಜನಕದಿಂದಲೇ ಉಳಿದದ್ದನ್ನೂ ಸುಡುತ್ತೆ. ನಿಮ್ಮದರಲ್ಲಿ ಇದೆಯಾ? ಬಿಲ್ ನೋಡಿ.

ನನಗೆ ಜಾಸ್ತಿ ಭಯ ಆ ಚಟಪಟ ಸದ್ದಿನದು. ಪೇಂಟ್ ಧೂಳು ಎಲೆಕ್ಟ್ರೋಡ್ ಮೇಲೆ ಕೂತರೆ ಕಿಡಿ ಹಾರುತ್ತೆ. ಗಾಳಿಯಲ್ಲಿ ಟಾಲೀನ್ ಸುಮಾರು 1.2 ಶೇಕಡಾ ಮುಟ್ಟಿದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಫ್ಯಾನ್ ಓಡುವಾಗ ಅಷ್ಟಿರಲ್ಲ. ಫ್ಯಾನ್ ನಿಲ್ಲಿಸಿ ಹುಡುಗರು ಥಿನ್ನರ್‌ನಲ್ಲಿ ಸ್ಪ್ರೇ ಗನ್ ತೊಳೀತಾರಲ್ಲ, ಆಗ ಆವಿ ಡಕ್ಟ್‌ನಲ್ಲಿ ನಿಲ್ಲುತ್ತೆ. ಫ್ಯಾನ್ ಓಡದೆ ಬಾಕ್ಸ್ ಆನ್ ಆಗದ ಹಾಗೆ ಇಂಟರ್‌ಲಾಕ್ ಇದೆಯಾ? ಬಾಕ್ಸ್‌ಗೆ ಮುಂಚೆ ಪೇಂಟ್ ಧೂಳು ಹಿಡಿಯೋ ಫಿಲ್ಟರ್ ಇದೆಯಾ?

ಫರ್ನಿಚರ್, ಅರಸೀಕೆರೆ: ಸರ್, ಸುಣ್ಣದ ತಿಳಿನೀರಿನ ಡ್ರಮ್‌ಗೆ ಹೊಗೆ ಬಿಟ್ಟರೆ ಸಾಕಂತೆ. ಫಾರ್ವರ್ಡ್ ಬಂದಿದೆ.

ಎಂಜಿನಿಯರ್: ಟಾಲೀನ್ ಒಂದು ಲೀಟರ್ ನೀರಲ್ಲಿ ಅರ್ಧ ಗ್ರಾಂ ಕರಗುತ್ತೆ, ಅಷ್ಟೇ. ಸುಣ್ಣ ಅದಕ್ಕೇನೂ ಮಾಡಲ್ಲ. ದಯವಿಟ್ಟು ಇಂಥವನ್ನು ಹಾಕಬೇಡಿ.

ಪ್ರಿಂಟಿಂಗ್, ಹಾಸನ: ಇಂಕ್ ವಾಸನೆಗೂ ಪ್ಲಾಸ್ಮಾ ಆಗುತ್ತಾ? ಸಬ್ಸಿಡಿ ಇದೆಯಾ?

ಎಂಜಿನಿಯರ್: ಸಾಲ್ವೆಂಟ್ ಕಮ್ಮಿ ಇದ್ದರೆ ಆಗುತ್ತೆ. ಜಾಸ್ತಿ ಇದ್ದರೆ ಸುಡುವ ಆಕ್ಸಿಡೈಸರೇ ಬೇಕು.

ರೋಸ್ಟರ್, ಚಿಕ್ಕಮಗಳೂರು: ಕಾಫಿ ಹುರಿಯೋ ಘಮಕ್ಕೂ ಪಕ್ಕದ ಮನೆಯವರು ಕಂಪ್ಲೇಂಟ್ ಕೊಟ್ಟಿದ್ದಾರೆ. ಕಾಫಿ ಊರಲ್ಲಿ ಇದ್ದುಕೊಂಡು!

ಮೂಡಿಗೆರೆ ಸದಸ್ಯ: ನಿಮಗೆ ಘಮ. ಒಣಹಾಕಿದ ಬಟ್ಟೆಗೆಲ್ಲ ಹೊಗೆ ಹಿಡಿದರೆ ಗೊತ್ತಾಗುತ್ತೆ.

ರೋಸ್ಟರ್: ನಿಮ್ಮ ಬಟ್ಟೆ ಮೂಡಿಗೆರೆಯಲ್ಲಿದೆ ಸ್ವಾಮಿ.

ಮೂಡಿಗೆರೆ ಸದಸ್ಯ: ತಂಗಿ ಮನೆ ನಿಮ್ಮ ಬೀದಿಯಲ್ಲೇ ಇದೆ.

ಎಂಜಿನಿಯರ್: ಹುರಿಯೋ ಹೊಗೆಯಲ್ಲಿ ಆಲ್ಡಿಹೈಡ್ ಇರುತ್ತೆ, ಬರೀ ಘಮ ಅಲ್ಲ. ಸೈಕ್ಲೋನ್‌ನಲ್ಲಿ (ಗಾಳಿ ಸುತ್ತಿಸಿ ಹೊಟ್ಟು ಬೇರ್ಪಡಿಸೋ ಕೊಳವೆ) ಹೊಟ್ಟು ಹಿಡಿದು, ಹೊಗೆಯನ್ನು ಆಫ್ಟರ್‌ಬರ್ನರ್‌ಗೆ (ಹೊಗೆ ಸುಡುವ ಒಲೆ) ಬಿಡಿ. ಎಣ್ಣೆ ಜಿಡ್ಡು ಇರುವಾಗ ಪ್ಲಾಸ್ಮಾ ಬೇಡ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಬೇಲೂರು ಸದಸ್ಯ: ಮಳೆಗಾಲದಲ್ಲಿ ಕ್ಯಾಟಲಿಸ್ಟ್ ಕೆಲಸ ಮಾಡುತ್ತಾ?

ಎಂಜಿನಿಯರ್: ತೇವ ಜಾಸ್ತಿಯಾದರೆ ಮಂದವಾಗುತ್ತೆ. ಗಾಳಿ ಸ್ವಲ್ಪ ಬಿಸಿ ಮಾಡಿ ಬಿಡಿ.

ಫರ್ನಿಚರ್, ಅರಸೀಕೆರೆ: ಆದರೂ ಸುಣ್ಣದ ನೀರು ಒಮ್ಮೆ ಟ್ರೈ ಮಾಡಬಹುದಲ್ವಾ? ಖರ್ಚೇ ಇಲ್ಲ.

ಎಂಜಿನಿಯರ್: ಮೇಲೆ ಓದಿ.

ಪ್ರಿಂಟಿಂಗ್, ಹಾಸನ: ಸರ್, ಸಬ್ಸಿಡಿ?

ಪೇಂಟ್ ಬೂತ್, ಹಾಸನ: ಬಿಲ್‌ನಲ್ಲಿ ಕ್ಯಾಟಲಿಸ್ಟ್ ಇಲ್ಲ ಸರ್. ಇಂಟರ್‌ಲಾಕೂ ಇಲ್ಲ. ಮಾರಿದವರು ಫೋನ್ ಎತ್ತುತ್ತಿಲ್ಲ. ಕೆಲಸ ತುಂಬಾ ಇದೆ, ಶನಿವಾರದ ತನಕ ಓಡಿಸಲಾ?

ಎಂಜಿನಿಯರ್: ಬೇಡ. ಎಲೆಕ್ಟ್ರಿಷಿಯನ್‌ನ ಕರೆಸಿ ಲೈನೇ ಬಿಚ್ಚಿಸಿ, ಫೋಟೋ ಹಾಕಿ.